ಮೇಲಿನ ಸಾಲು, ಕೆಳಗಿನ ಸಾಲು

ಮಹಾಲಿಂಗಮ್ಮನ ಬಲಗೈ ಸುಟ್ಟಿದ್ದು ಅಡಿಗೆಮನೆಯಲ್ಲಲ್ಲ. ಹೆಂಗಸಿನ ಕೈ ಸುಟ್ಟಿತು ಅಂದರೆ ಸಾಕು, ಲೋಕವೆಲ್ಲ ಅಡಿಗೆಮನೆಯತ್ತ ಕತ್ತು ತಿರುಗಿಸುತ್ತದೆ. ಅವಳ ಕೈ ಸುಟ್ಟಿದ್ದು ತೈಲದ ಒಲೆಯಲ್ಲಿ. ಊಟಿ ಬಳಿಯ ಅವಲಾಂಚ್ ರಸ್ತೆಯ ಬದಿಯಲ್ಲಿ ನೀಲಗಿರಿ ಎಲೆ ಬೇಯಿಸಿ ಎಣ್ಣೆ ಇಳಿಸುವ ಒಲೆಗಳಿವೆಯಲ್ಲ, ಅಂಥದ್ದೊಂದರಲ್ಲಿ. ಇಬ್ಬನಿ ಹೆಪ್ಪುಗಟ್ಟಿ ಚಹಾ ಗಿಡ ಕರಕಲಾಗುವ ತಿಂಗಳುಗಳಲ್ಲಿ ಮಂಜೂರು ಸುತ್ತಿನ ಹೆಂಗಸರು ಅಲ್ಲಿಗೆ ಎಲೆ ತುಂಬಲು ಹೋಗುತ್ತಾರೆ. ಆ ದಿನ ಎಲೆ ಬೇಯುವ ಡ್ರಮ್ಮಿನ ಮುಚ್ಚಳ ಸರಿಯಾಗಿ ಕೂತಿರಲಿಲ್ಲ. ಒತ್ತಿ ಕೂರಿಸಲು ಹೋದಳು, ಆವಿ ಭುಸ್ಸೆಂದು ನುಗ್ಗಿತು. ಮೊಣಕೈಯಿಂದ ಬೆರಳ ಗೆಣ್ಣಿನವರೆಗೆ ಬೆಂದುಹೋಯಿತು. ಇದು ತೊಂಬತ್ತೇಳನೇ ಇಸವಿಯ ಜನವರಿಯ ಮಾತು.

ಊಟಿಯ ಒಂದು ಸಣ್ಣ ಆಸ್ಪತ್ರೆಯಲ್ಲಿ ಅವಳನ್ನು ಮಲಗಿಸಿದರು. ಚರ್ಮ ಕಸಿ ಮಾಡುವ ಡಾಕ್ಟರು ಅಲ್ಲಿಯವರಲ್ಲ, ಕೊಯಮತ್ತೂರಿನವರು. ಮೂರು ವಾರಕ್ಕೊಂದು ಶನಿವಾರ ಘಾಟಿ ಹತ್ತಿ ಬಂದು, ಸಂಜೆಯೊಳಗೆ ಕೆಲಸ ಮುಗಿಸಿ ಇಳಿದುಬಿಡುತ್ತಿದ್ದರು. ಅವರು ಎಡತೊಡೆಯಿಂದ ಕಾಗದದಷ್ಟು ತೆಳ್ಳಗೆ ಚರ್ಮ ತೆಗೆದು ಮುಂಗೈಗೆ ಹೊದಿಸಿದರು. ಆಪರೇಷನ್ನಿಗೆ ಮುಂಚೆ ನರ್ಸೊಬ್ಬಳು ಕೊರಳ ಲಿಂಗ ತೆಗೆದಿಡಿ ಅಂದಾಗ ಮಹಾಲಿಂಗಮ್ಮ, “ಎನ್ನ ಜೀವ ತೆಗೆದಿಡು, ಆಮೇಲೆ ಲಿಂಗ ತೆಗಿ” ಎಂದುಬಿಟ್ಟಳು. ಕೊನೆಗೆ ಅದನ್ನು ಎಡ ರಟ್ಟೆಗೆ ಕಟ್ಟಿ ಒಳಗೆ ಕರೆದುಕೊಂಡು ಹೋದರು. ಅಂಥ ಹೆಂಗಸು.

ಆದರೆ ಬೆರಳುಗಳ ಹಿಂಬದಿಯ ಗಾಯ ಇನ್ನೂ ಶುದ್ಧವಾಗಿರಲಿಲ್ಲ. ಅದಕ್ಕೆ ಮುಂದಿನ ಸಲ ಎಂದರು ಡಾಕ್ಟರು. ಹೊರಡುವ ಮುಂಚೆ ಮಂಚದ ಪಕ್ಕ ನಿಂತು, ಅವಳ ಗಂಡ ನಂಜನಿಗೂ ಕೇಳುವಂತೆ ಬಿಡಿಸಿ ಹೇಳಿದರು. ಮೂರು ವಾರದಲ್ಲಿ ಬೆರಳ ಮೇಲೆ ಚರ್ಮ ಕೂರಿಸದಿದ್ದರೆ ಬೆರಳು ಹಿಂದಕ್ಕೆ ಸೆಟೆದುಕೊಂಡು ಹಾಗೇ ನಿಲ್ಲುತ್ತವೆ, ಮತ್ತೆ ಮುಷ್ಟಿ ಮಡಚಲು ಆಗುವುದಿಲ್ಲ, ಚಿಗುರು ಚಿವುಟುವ ಮಾತಂತೂ ದೂರ. ಆ ಚರ್ಮವನ್ನೂ ಇದೇ ಎಡತೊಡೆಯಿಂದಲೇ ತೆಗೆಯಬೇಕು, ಯಾಕೆಂದರೆ ಬಲತೊಡೆ ಹಿಂದೊಮ್ಮೆ ಮುರಿದು ಒಳಗೆ ಕಬ್ಬಿಣದ ಪಟ್ಟಿ ಇದೆ, ಮೇಲೆಲ್ಲ ಹೊಲಿಗೆಯ ಗುರುತು. ಹಾಗಾಗಿ ಮೂರು ವಾರದಲ್ಲಿ ಎಡತೊಡೆಯ ಗಾಯ ಮಾಯಲೇಬೇಕು. ಮಾಯಲಿಲ್ಲವೋ, ಕೈ ಹೋಯಿತು.

ಆಮೇಲೆ ಅವರು ಕಾರಿನತ್ತ ಓಡುತ್ತ, ಪಕ್ಕದಲ್ಲಿದ್ದ ನರ್ಸ್ ಮಲರ್‌ಕೊಡಿಗೆ, “ತೊಡೆಯ ಒಳಗಿನ ವ್ಯಾಸಲೀನ್ ಬಟ್ಟೆಯನ್ನ ಮುಟ್ಟಬೇಡಿ, ತಾನಾಗಿ ಕಳಚೋವರೆಗೂ ಬಿಡಿ” ಎಂದು ಹೇಳಿದರು. ಹೇಳಿದರು ಅಷ್ಟೇ, ಬರೆಯಲಿಲ್ಲ. ಮಂಜು ಇಳಿಯುವ ಮೊದಲು ಘಾಟಿ ದಾಟಬೇಕಿತ್ತಂತೆ.

ಎರಡನೇ ದಿನ ಬೆಳಿಗ್ಗೆ ಡ್ರೆಸ್ಸಿಂಗ್ ಮಾಡುವ ರಂಗನಾಥನ್ ಟ್ರೇ ಹಿಡಿದು ಬಂದ. ಇಪ್ಪತ್ತಾರು ವರ್ಷ ಈ ವಾರ್ಡಿನಲ್ಲಿ ಗಾಯ ತೊಳೆದವನು, ಕೆಟ್ಟವನಲ್ಲ. ಹೊರಗಿನ ಪಟ್ಟಿಯ ಮೇಲೆ ರಕ್ತದ ಕಲೆ ನೋಡಿದ, ಬಿಚ್ಚಲು ಕೂತ. ಅಂದು ಮಲರ್‌ಕೊಡಿ ರಜೆಯಲ್ಲಿದ್ದಳು. ಹೊರಪಟ್ಟಿ ತೆಗೆದ, ದಪ್ಪ ಹತ್ತಿ ತೆಗೆದ, ಒಳಗಿನ ಜಿಡ್ಡು ಬಟ್ಟೆಯ ಅಂಚಿಗೆ ಚಿಮಟ ಹಾಕಿದ. ಅಬ್ಬಬ್ಬಾ! ಆವಿ ಹೊಡೆದಾಗಲೂ ಮಹಾಲಿಂಗಮ್ಮ ಹಾಗೆ ಕಿರುಚಿರಲಿಲ್ಲ. ಕೈಯ ನೋವು ಒಂದು ಕಡೆ ಇರಲಿ, ಆರೋಗ್ಯವಾಗಿದ್ದ ತೊಡೆಯ ನೋವಿಗೆ ಜೀವ ಬಾಯಿಗೆ ಬಂತು. ಕಿತ್ತ ಬಟ್ಟೆಯ ಜೊತೆ ಆಗತಾನೇ ಹುಟ್ಟುತ್ತಿದ್ದುದೂ ಕಿತ್ತು ಬಂತೋ ಏನೋ, ತೊಡೆಯೆಲ್ಲ ರಕ್ತದ ಹನಿ. ಅವನು ಅದರ ಮೇಲೆ ಬರೀ ಗಾಜ್ ಬಟ್ಟೆ ಇಟ್ಟು ಹಳದಿ ಔಷಧಿ ಸುರಿದು ಕಟ್ಟಿದ.

“ನಾಳೆಗೆ ಇಷ್ಟು ನೋಯೋದಿಲ್ಲಮ್ಮಾ” ಎಂದ.

ಅದು ಶುದ್ಧ ಸುಳ್ಳು. ಅವನಿಗೂ ಗೊತ್ತಿತ್ತು.

ಮರುದಿನ ಅವನು ಬರುವ ಹೊತ್ತಿಗೆ ಮಹಾಲಿಂಗಮ್ಮ ಎಡಗೈಯಲ್ಲಿ ಕಂಬಳಿಯನ್ನು ತೊಡೆಯ ಸುತ್ತ ಬಿಗಿದು ಕೂತಿದ್ದಳು.

“ಮುಟ್ಟಿದೆಯೋ, ಆ ಟ್ರೇ ನಿನ್ನ ತಲೆ ಮೇಲಿರುತ್ತೆ ಅಣ್ಣ. ಹೇಳಿದೀನಿ.”

“ನೋಡದೆ ಬಿಟ್ಟ ಗಾಯ ಒಳಗೇ ಕೊಳೀತದೆ ಅಮ್ಮಾ. ನಾನು ಎಷ್ಟು ಕಂಡಿದೀನಿ.”

ರಜೆ ಮುಗಿಸಿ ಬಂದ ಮಲರ್‌ಕೊಡಿ ಓಡಿ ಬಂದಳು. ಅವಳು ಕೋತಗಿರಿ ಕಡೆಯ ಬಡಗರ ಹುಡುಗಿ, ಕೆಲಸಕ್ಕೆ ಸೇರಿ ಆರು ತಿಂಗಳು. ಡಾಕ್ಟರು ಬಿಚ್ಚಬೇಡಿ ಅಂದಿದ್ದರು, ಹೊರಗಿನ ಹತ್ತಿ ನೆನೆದರೆ ಹತ್ತಿ ಮಾತ್ರ ಬದಲಾಯಿಸಬೇಕಿತ್ತು, ಒಳಬಟ್ಟೆಯ ಕೆಳಗೆ ಚರ್ಮ ತಾನೇ ಹಬ್ಬುತ್ತೆ, ದಿನಾ ಕಿತ್ತರೆ ದಿನಾ ಹೊಸ ಗಾಯ ಎಂದು ಒಂದೇ ಉಸಿರಿಗೆ ಹೇಳಿದಳು. ಮೇಟ್ರನ್ ತಂಗಮ್ಮ ಬಂದರು. ಗೂಡಲೂರಿನವರು, ಮಾತು ಕಡಿಮೆ, ನೋಟ ಜಾಸ್ತಿ. ಕೇಸ್ ಶೀಟ್ ತಿರುವಿದರು.

“ಎಲ್ಲಿ ಬರೆದಿದ್ದಾರೆ?”

“ಬರೆದಿಲ್ಲ ಮೇಡಂ. ಬಾಯಲ್ಲಿ ಹೇಳಿದ್ರು.”

“ಬಾಯಲ್ಲಿ ಹೇಳಿದ್ದು ನಿನ್ನ ಕಿವಿಗೆ ಮಾತ್ರ. ರಂಗನಾಥನ್ ನೀನು ಹುಟ್ಟೋಕೆ ಮುಂಚೆಯಿಂದ ಡ್ರೆಸ್ಸಿಂಗ್ ಮಾಡ್ತಿದ್ದಾರೆ.”

ಮಲರ್‌ಕೊಡಿಯ ಮುಖ ಬಾಡಿತು. ಕೊಯಮತ್ತೂರಿಗೆ ಫೋನು ಹಚ್ಚಿದರೆ ಡಾಕ್ಟರು ಯಾವುದೋ ಊರಿಗೆ ಹೋಗಿದ್ದಾರಂತೆ. ಇತ್ತ ನರ್ಸು, ರಂಗನಾಥನ್ ಇಬ್ಬರೂ ಒಬ್ಬರ ಮೇಲೊಬ್ಬರು ತಪ್ಪು ಹೊರಿಸುತ್ತಿದ್ದರು. ಮಧ್ಯದಲ್ಲಿದ್ದ ತೊಡೆ ಯಾರದು ಎಂಬುದನ್ನೇ ಎಲ್ಲರೂ ಮರೆತಿದ್ದರು. ಮಹಾಲಿಂಗಮ್ಮನಿಗೆ ರೇಗಿಹೋಯಿತು.

“ಸಾಕು ನಿಲ್ಲಿಸಿ! ಯಾರ ತೊಡೆ ಇದು? ನಿಮ್ಮ ಆಸ್ಪತ್ರೆದಾ?”

ಎಲ್ಲರೂ ಅವಳತ್ತ ತಿರುಗಿದರು.

“ನಮ್ಮ ಹಟ್ಟಿಗೆ ಹೊಸ ಗೊಬ್ಬರ ಹಿಡ್ಕೊಂಡು ಯಾರಾದ್ರೂ ಬಂದ್ರೆ ನಮ್ಮಪ್ಪ ಏನ್ ಮಾಡ್ತಿದ್ದ ಗೊತ್ತಾ? ಅವನ ಮಾತು ಕೇಳಿ ಕುಣೀತಿರಲಿಲ್ಲ, ಅವನನ್ನ ಬೈದು ಓಡಿಸ್ತಾನೂ ಇರಲಿಲ್ಲ. ಒಂದು ಸಾಲು ಗಿಡಕ್ಕೆ ಹೊಸದು, ಪಕ್ಕದ ಸಾಲಿಗೆ ಹಳೇದು. ಒಂದೇ ಮಣ್ಣು, ಒಂದೇ ಬಿಸಿಲು. ಆಮೇಲೆ ಎಲೆ ನೋಡು, ಬಾಯಿ ಮುಚ್ಚು. ಇಲ್ಲೂ ಹಾಗೇ ಮಾಡಿ. ಮೇಲಿನ ಅರ್ಧ ಈ ನರ್ಸು ಕೂಸಿನ ಸಾಲು. ಕೆಳಗಿನ ಅರ್ಧ ನಿನ್ನ ಸಾಲು, ಅಣ್ಣ. ನೀ ನಿನ್ನದನ್ನ ದಿನಾ ಬಿಚ್ಚು, ಅವಳದ್ದಕ್ಕೆ ಬೆರಳು ಹಚ್ಚಬೇಡ.”

ನಂಜ ಗಾಬರಿಯಾದ. “ಏನೇ, ಹುಚ್ಚಾ ನಿನಗೆ? ಕೆಳಗಿನ ಅರ್ಧ ಅಂದ್ರೆ ದಿನಾ ಆ ನೋವು ತಿನ್ನಬೇಕಲ್ಲ!”

“ತಿಂತೀನಿ. ಪೂರಾ ಈ ಕೂಸಿಗೆ ಕೊಟ್ಟೆ, ಮಾಯ್ತು ಅಂತಿಟ್ಕೋ. ಹೇಗೂ ಮಾಯ್ತಿತ್ತು ಅಂತಾರೆ ಇವರು. ಆಮೇಲೆ ಈ ಮಂಚಕ್ಕೆ ಬರೋಳ ತೊಡೆಗೂ ಚಿಮಟ ಹಾಕ್ತಾರೆ.”

ತಂಗಮ್ಮ ಕನ್ನಡಕ ತೆಗೆದು ಅವಳನ್ನೇ ನೋಡಿದರು. ಬೇಡ ಎನ್ನಲು ಅವರಿಗೆ ಕಾರಣ ಸಿಗಲಿಲ್ಲ. ಮಲರ್‌ಕೊಡಿಯ ಕೈಯಿಂದ ಗಾಯದ ನಡುಮಟ್ಟಕ್ಕೆ ಪಕ್ಕದ ಚರ್ಮದ ಮೇಲೆ ಪೆನ್ನಿನಲ್ಲೊಂದು ಗುರುತು ಹಾಕಿಸಿದರು. ಮೇಲೆ ವ್ಯಾಸಲೀನ್ ಬಟ್ಟೆ, ಅದರ ಮೇಲೆ ದಪ್ಪ ಹತ್ತಿ. ಕೆಳಗೆ ಬರೀ ಗಾಜ್ ಬಟ್ಟೆ. ಎರಡು ಸಾಲು ಸಿದ್ಧವಾದವು.

ಮುಂದಿನ ದಿನಗಳನ್ನು ಹೇಗೆ ಹೇಳಲಿ! ಬೆಳಿಗ್ಗೆ ಎಂಟೂವರೆಗೆ ಟ್ರೇಯ ಸದ್ದು ಬಾಗಿಲಲ್ಲಿ ಕೇಳಿಸಿದರೆ ಸಾಕು, ಮಹಾಲಿಂಗಮ್ಮ ಸೀರೆಯ ಸೆರಗನ್ನು ಬಾಯಿಗೆ ತುರುಕಿಕೊಂಡು ಗೋಡೆಯ ಕಡೆ ತಿರುಗುತ್ತಿದ್ದಳು. ರಂಗನಾಥನ್ ಮೋಸ ಮಾಡಲಿಲ್ಲ, ಅದನ್ನು ಹೇಳಲೇಬೇಕು. ಉಪ್ಪುನೀರು ಬೆಚ್ಚಗೆ ಮಾಡಿ ತರುತ್ತಿದ್ದ, ಕಾಲು ಗಂಟೆ ನೆನೆಸುತ್ತಿದ್ದ, ನೂಲು ನೂಲಾಗಿ ಬಿಡಿಸುತ್ತಿದ್ದ. ಎಷ್ಟು ಮೆತ್ತಗೆ ಎಳೆದರೂ ಕೊನೆಯ ಎರಡು ಬೆರಳಗಲ ಅಂಟಿಕೊಂಡೇ ಇರುತ್ತಿತ್ತು, ಅದನ್ನು ಕಿತ್ತಾಗ ರಕ್ತ ಚಿಲ್ಲೆನ್ನುತ್ತಿತ್ತು. ಮೇಲಿನ ಸಾಲಿನ ಕಡೆ ಅವನು ತಿರುಗಿಯೂ ನೋಡುತ್ತಿರಲಿಲ್ಲ. ಆರನೇ ದಿನಕ್ಕೆ ಅವನ ಹಣೆಯ ಮೇಲೂ ಬೆವರು ಕಾಣಿಸತೊಡಗಿತು. ಊಟಿಯ ಜನವರಿಯಲ್ಲಿ ಬೆವರು!

ಮೇಲಿನ ಸಾಲು ನೋಯುತ್ತಿರಲಿಲ್ಲ. ಅದು ಇದೆಯೋ ಇಲ್ಲವೋ ಎಂಬಂತೆ ಇತ್ತು.

ಎಂಟನೇ ದಿನ ನಂಜ ಅವಳ ಕಾಲ ಹತ್ತಿರ ಕೂತು ಕಣ್ಣೊರೆಸಿಕೊಂಡ. “ಸಾಕು ಕಣೇ. ಗೊತ್ತಾಯ್ತಲ್ಲ. ಕೆಳಗಿನದ್ದೂ ಮುಚ್ಚಿಸಿಬಿಡು.”

“ಅರ್ಧದಲ್ಲಿ ಬಿಟ್ಟರೆ ಏನೂ ಗೊತ್ತಾಗಲಿಲ್ಲ ಅಂತ ಅರ್ಥ. ಮೇಲಿನದ್ದು ಇನ್ನೂ ಯಾರು ನೋಡಿದ್ದಾರೆ?”

“ನಿನ್ನ ಹಟಕ್ಕಿಷ್ಟು!”

“ಎನ್ನ ಹಟ ಇಲ್ಲದಿದ್ರೆ ನಿನ್ನ ಜೊತೆ ಇಪ್ಪತ್ತೆಂಟು ವರ್ಷ ಬಾಳ್ತಿದ್ದೆನಾ?” ಎಂದಳು. ನಂಜ ಅಳುತ್ತಲೇ ನಕ್ಕುಬಿಟ್ಟ.

ಹತ್ತನೇ ದಿನ ವಾಸನೆ ಬಂತು.

ಮೊದಲು ಅವಳೇ ಗಮನಿಸಿದ್ದು, ಬಾಯಿ ಬಿಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಪಕ್ಕದ ಮಂಚದವಳು ಮೂಗು ಮುಚ್ಚಿಕೊಂಡಳು. ಮೇಲಿನ ಸಾಲಿನಿಂದಲೇ ಬರುತ್ತಿತ್ತು, ಹಳೆ ಒದ್ದೆ ಬಟ್ಟೆಯಂಥ ಹುಳಿ ವಾಸನೆ. ರಂಗನಾಥನ್ ಮೂಸಿ ನೋಡಿದ. ಅವನ ಮುಖದಲ್ಲಿ ಗೆದ್ದ ಸಂತೋಷಕ್ಕಿಂತ ಹೆದರಿಕೆಯೇ ಹೆಚ್ಚಿತ್ತು.

“ನಾನು ಮೊದಲೇ ಹೇಳಲಿಲ್ವಾ ಅಮ್ಮಾ? ಒಳಗೆ ಕೊಳೀತಿದೆ. ಇನ್ನೆರಡು ದಿನ ಬಿಟ್ಟರೆ ಈ ತೊಡೆಯಿಂದ ಚರ್ಮ ತೆಗೆಯೋದು ಕನಸು. ಬಿಡು, ಈಗಲೇ ಬಿಚ್ಚಿ ತೊಳೀತೀನಿ.”

ಮಹಾಲಿಂಗಮ್ಮ ಡಾಕ್ಟರು ಬರುವ ಶನಿವಾರಕ್ಕೆ ಲೆಕ್ಕ ಹಾಕಿದಳು. ಹನ್ನೊಂದು ದಿನ ಉಳಿದಿದೆ. ಇವನು ಹೇಳಿದ್ದು ನಿಜವಾದರೆ ಕೆಳಗಿನದ್ದೂ ಇಲ್ಲ, ಮೇಲಿನದ್ದೂ ಇಲ್ಲ. ಕೈಯನ್ನು ನೋಡಿಕೊಂಡಳು. ಪಟ್ಟಿಯ ತುದಿಯಿಂದ ಇಣುಕುತ್ತಿದ್ದ ಬೆರಳುಗಳು ಈಗಾಗಲೇ ಸ್ವಲ್ಪ ಸೆಟೆದಂತೆ ಕಂಡವು. ಇನ್ನೊಬ್ಬರು ಬಾಯಿಗೆ ತುತ್ತು ಇಡಬೇಕಾದ ಹೆಂಗಸಾಗಿ ಬದುಕುವುದನ್ನು ನೆನೆದಳು. ಹೌದು, ಹೆದರಿದಳು. ಹೆದರದೆ ಹಟ ಹಿಡಿಯುವುದಕ್ಕೆ ಯಾವ ಧೈರ್ಯ ಬೇಕು, ಹೇಳಿ!

“ಮಲರ್‌ಕೊಡಿ ಬರಲಿ” ಎಂದಳು.

ಮಲರ್‌ಕೊಡಿ ಬಂದು ಹೊರಗಿನ ಹತ್ತಿಯನ್ನು ಮಾತ್ರ ಎತ್ತಿದಳು. ಅಂಚಿನ ಸುತ್ತ ಬೆರಳಾಡಿಸಿದಳು, ಒತ್ತಿ ನೋಡಿದಳು. ಥರ್ಮಾಮೀಟರು ಇಟ್ಟು ಕಿಟಕಿಯ ಬೆಳಕಿಗೆ ಹಿಡಿದಳು.

“ಜ್ವರ ಇಲ್ಲ. ಸುತ್ತ ಕೆಂಪಾಗಿಲ್ಲ, ಊದಿಲ್ಲ, ಕೀವು ಬರ್ತಿಲ್ಲ. ಗಾಯದ ನೀರು ಬಟ್ಟೆಯಲ್ಲಿ ಒಣಗಿದ ವಾಸನೆ ಅವ್ವೆ. ಕೊಯಮತ್ತೂರಲ್ಲಿ ಕಲೀವಾಗ ಕಂಡಿದ್ದೆ.” ಆಮೇಲೆ ಅವಳ ದನಿ ಇಳಿಯಿತು. “ಆದ್ರೆ... ನಾ ತಪ್ಪಿದ್ರೆ?”

“ನೀ ತಪ್ಪಿದ್ರೆ ಹೋಗೋದು ಎನ್ನ ಕೈ. ನಿನ್ನ ಬಾಯಿ ಯಾಕೆ ಒಣಗುತ್ತೆ ಕೂಸೆ? ಕಂಡಿದ್ದೀಯೋ ಇಲ್ವೋ, ಅಷ್ಟು ಹೇಳು.”

“ಕಂಡಿದೀನಿ.”

“ಹಾಗಾದ್ರೆ ಹತ್ತಿ ಬದಲಾಯಿಸು. ಒಳಗಿನದ್ದು ಹಾಗೇ ಇರಲಿ.”

ತಂಗಮ್ಮ ಬಂದು, “ಏನಾದ್ರೂ ಆದ್ರೆ ಆಸ್ಪತ್ರೆ ಜವಾಬ್ದಾರಿ ಅಲ್ಲ, ತಿಳೀತಾ?” ಎಂದರು. ಮಹಾಲಿಂಗಮ್ಮ ತಲೆಯೆತ್ತಿ, “ಕೆಳಗಿನ ಅರ್ಧಕ್ಕೆ ಆಗ್ತಿರೋದರ ಜವಾಬ್ದಾರಿ ಯಾರದು ಮೇಡಂ?” ಎಂದು ಕೇಳಿದಳು. ಅಂದಿನಿಂದ ತಂಗಮ್ಮ ದಿನಕ್ಕೆರಡು ಸಲ ತಾವೇ ಬಂದು ಜ್ವರ ನೋಡಿ ಹೋಗುತ್ತಿದ್ದರು.

ಹದಿನಾಲ್ಕನೇ ದಿನ ಬೆಳಿಗ್ಗೆ ಹತ್ತಿ ಬದಲಾಯಿಸುವಾಗ ವ್ಯಾಸಲೀನ್ ಬಟ್ಟೆಯ ಒಂದು ಮೂಲೆ ತಾನಾಗಿ ಮೇಲೆದ್ದಿತ್ತು. ಮಲರ್‌ಕೊಡಿ ಎದ್ದಷ್ಟನ್ನು ಕತ್ತರಿಸಿದಳು. ಇನ್ನಷ್ಟು ಎದ್ದಿತು. ಎಳೆಯಲೇ ಇಲ್ಲ ಅವಳು, ಹುರಿಗಡಲೆಯ ಸಿಪ್ಪೆಯಂತೆ ಅದೇ ಬಿಟ್ಟುಕೊಂಡು ಬಂತು. ಕೆಳಗೆ ಚರ್ಮ. ಎಳೆಯ ಗುಲಾಬಿ ಬಣ್ಣದ, ಒಣಗಿದ, ಇಡೀ ಚರ್ಮ. ಒಂದು ಹನಿ ರಕ್ತವಿಲ್ಲ.

ಪೆನ್ನಿನ ಗುರುತಿನ ಕೆಳಗೆ ಹಸಿ ಮಾಂಸ. ಅಲ್ಲಲ್ಲಿ ಮಾತ್ರ ನಾಲ್ಕಾರು ಚುಕ್ಕಿ ಹೊಸ ಚರ್ಮ, ಉಳಿದದ್ದೆಲ್ಲ ಮೊದಲ ದಿನದಂತೆಯೇ ಕೆಂಪು.

ರಂಗನಾಥನ್ ಟ್ರೇ ಹಿಡಿದೇ ನಿಂತಿದ್ದ. ಬಗ್ಗಿ ನೋಡಿದ. ಮತ್ತೆ ನೋಡಿದ. ವಾರ್ಡಿನ ಹೆಂಗಸರೆಲ್ಲ ಮಂಚದ ಸುತ್ತ ಸೇರಿದ್ದರು. ಅವನು ಏನಾದರೂ ಹೇಳುತ್ತಾನೆಂದು ಮಹಾಲಿಂಗಮ್ಮ ಕಾದಳು, ಹೇಳಿದರೆ ಕೊಡಲು ನಾಲಿಗೆಯ ತುದಿಯಲ್ಲಿ ನಾಲ್ಕು ಮಾತು ಸಿದ್ಧವಾಗಿದ್ದವು. ಅವನು ಟ್ರೇ ಕೆಳಗಿಟ್ಟು, ಆ ಗುಲಾಬಿ ಚರ್ಮದ ಪಕ್ಕಕ್ಕೆ ಕೈ ತಂದು, ಮುಟ್ಟದೆ ಹಿಂದಕ್ಕೆ ತೆಗೆದುಕೊಂಡ.

“ಇಪ್ಪತ್ತಾರು ವರ್ಷ” ಎಂದ. “ಎಷ್ಟು ಜನ ಕಿರುಚಿದ್ರು ಅಮ್ಮಾ...”

ಮಹಾಲಿಂಗಮ್ಮನ ನಾಲ್ಕು ಮಾತೂ ಒಳಗೇ ಉಳಿದವು. “ನಿನ್ನ ಸಾಲೂ ಮುಚ್ಚಿಬಿಡು ಅಣ್ಣ, ನೋಡಿ ಆಯ್ತು” ಎಂದಳು. ಅವನೇ ವ್ಯಾಸಲೀನ್ ಬಟ್ಟೆ ಕತ್ತರಿಸಿ, ಕೆಳಗಿನ ಅರ್ಧಕ್ಕೆ ಹೊದಿಸಿ, ಹತ್ತಿ ಇಟ್ಟು ಕಟ್ಟಿದ.

ಮೂರನೇ ಶನಿವಾರ ಕೊಯಮತ್ತೂರಿನ ಡಾಕ್ಟರು ಬಂದರು. ಮಹಾಲಿಂಗಮ್ಮನನ್ನು ಆಪರೇಷನ್ ಕೋಣೆಯ ಹೊರಗೆ ಗಾಲಿಮಂಚದ ಮೇಲೆ ಮಲಗಿಸಿದ್ದರು. ತೊಡೆ ನೋಡಿ ಹುಬ್ಬೇರಿಸಿದರು.

“ಮೇಲಿನದ್ದು ಬಹಳ ಚೆನ್ನಾಗಿದೆ, ಬೆರಳುಗಳಿಗೆ ಇಷ್ಟು ಸಾಕು. ಇದೇನಿದು ಕೆಳಗಡೆ? ಇದನ್ನ ಹಾಳು ಮಾಡಿದ್ದು ಯಾರು?”

“ನಾನು ಸಾರ್” ಎಂದ ರಂಗನಾಥನ್.

ಡಾಕ್ಟರು ಶುರು ಮಾಡಿದರು. ತಮಿಳಿನಲ್ಲಿ, ಇಂಗ್ಲಿಷಿನಲ್ಲಿ, ಎಲ್ಲರ ಮುಂದೆ. ಹೇಳಿದ ಮಾತು ತಲೆಗೆ ಹೋಗುವುದಿಲ್ಲವೇ, ಬೆಟ್ಟದ ಮೇಲಿನ ಆಸ್ಪತ್ರೆಯೆಂದರೆ ಇಷ್ಟೇ, ಮುದುಕರನ್ನು ಇಟ್ಟುಕೊಂಡರೆ ಹೀಗೇ ಎಂದೆಲ್ಲ. ರಂಗನಾಥನ್ ತಲೆ ತಗ್ಗಿಸಿ ನಿಂತ.

“ಡಾಕ್ಟರೇ” ಎಂದಳು ಮಹಾಲಿಂಗಮ್ಮ. ಕೇಳಿಸಲಿಲ್ಲ. “ಡಾಕ್ಟರೇ!” ಎಂದು ಗುಡುಗಿದಳು. “ಅವನನ್ನ ಬಯ್ಯಬೇಡಿ. ಅವನು ನಾ ಹೇಳಿದ್ದು ಮಾಡಿದ, ತನ್ನ ಸಾಲನ್ನ ಮೋಸ ಇಲ್ಲದೆ ನೋಡ್ಕೊಂಡ. ಬಿಚ್ಚಬೇಡಿ ಅಂತ ನೀವು ಯಾರಿಗೆ ಹೇಳಿದ್ರಿ?”

“ನರ್ಸ್‌ಗೆ ಹೇಳಿದ್ದೆ.”

“ಓಡ್ತಾ ಹೇಳಿದ್ರಿ. ಅವಳ ಮಾತು ಯಾರೂ ಕೇಳಲಿಲ್ಲ. ಬರೆದಿದ್ರೆ ಎನಗೆ ಈ ನೋವು ಯಾಕೆ ಬರ್ತಿತ್ತು? ಒಂದು ಸಾಲು ಬರೆಯೋಕೆ ನಿಮಗೆ ಹೊತ್ತಿರಲಿಲ್ಲ. ಎನಗೆ ಹನ್ನೆರಡು ಬೆಳಿಗ್ಗೆ ಕಿರುಚೋಕೆ ಹೊತ್ತಿತ್ತಾ?”

ಡಾಕ್ಟರ ಕಿವಿ ಕೆಂಪಾಯಿತು. “ಸರಿಯಮ್ಮ, ಇನ್ನು ಮುಂದೆ ನೋಡೋಣ. ಈಗ ಒಪ್ಪಿಗೆ ಕಾಗದಕ್ಕೆ ಹೆಬ್ಬೆಟ್ಟು ಒತ್ತು, ಹೊತ್ತಾಯ್ತು.”

“ಒತ್ತೋದಿಲ್ಲ.”

“ಏನು?”

“ಇವತ್ತು ಮತ್ತೆ ಎನ್ನ ತೊಡೆ ಕೊಯ್ತೀರಿ. ಸಂಜೆ ಹೊರಟುಹೋಗ್ತೀರಿ. ಬಿಚ್ಚಬಾರದು ಅಂತ ಬರೀರಿ. ಎನಗೊಬ್ಬಳಿಗೆ ಅಲ್ಲ, ಈ ವಾರ್ಡಿಗೆ ಬರೋ ಎಲ್ಲರಿಗೂ. ಇಂಗ್ಲಿಷಲ್ಲಿ ಬೇಡ, ಎಲ್ಲರೂ ಓದೋ ಹಾಗೆ ಬರೀರಿ.”

ಡಾಕ್ಟರು ಗಡಿಯಾರ ನೋಡಿಕೊಂಡರು. “ನನಗೆ ಇನ್ನೂ ಮೂರು ಕೇಸ್ ಇವೆ. ನಿನಗೆ ಬೇಡ ಅಂದ್ರೆ ಮುಂದಿನವರನ್ನ ಕರೀತೀನಿ. ಆಮೇಲೆ ಕೈ ಸೆಟೆದುಕೊಂಡರೆ ನನ್ನ ಕೇಳಬೇಡ.”

ನಂಜ ಅವಳ ಕಾಲು ಹಿಡಿದುಕೊಂಡ. “ಲೇ, ಒತ್ತಿಬಿಡೇ. ನಿನ್ನ ಕೈ ಕಣೇ ಅದು!”

ಅವಳು ಕೈ ನೋಡಲಿಲ್ಲ. ನೋಡಿದರೆ ಮನಸ್ಸು ಕರಗುತ್ತದೆಂದು ಅವಳಿಗೆ ಗೊತ್ತಿತ್ತು. ಕಣ್ಣು ಡಾಕ್ಟರ ಮುಖದ ಮೇಲಿಂದ ಕದಲಲಿಲ್ಲ, ಗಾಲಿಮಂಚದ ಅಂಚನ್ನು ಎಡಗೈಯಲ್ಲಿ ಹಿಡಿದು ಸುಮ್ಮನೆ ಮಲಗಿದಳು. ಡಾಕ್ಟರು ಕರೆದರೂ ಮುಂದಿನ ಕೇಸಿನವಳು ಜಾಗದಿಂದ ಏಳಲಿಲ್ಲ. ಮಲರ್‌ಕೊಡಿ ಒಂದು ಬಿಳಿ ಹಾಳೆ ತಂದು ಡಾಕ್ಟರ ಮುಂದೆ ಹಿಡಿದಳು. ಪೆನ್ನು ತೆಗೆದುಕೊಟ್ಟವರು ತಂಗಮ್ಮ.

ಡಾಕ್ಟರು ಬರೆದರು, ತಮಿಳಿನಲ್ಲಿ, ದಪ್ಪಕ್ಷರದಲ್ಲಿ. ಸಹಿ ಹಾಕಿ ಚಾಚಿದರು.

“ಎನಗೆ ಓದೋಕೆ ಬರೋದಿಲ್ಲ. ಅಣ್ಣ ಓದಲಿ” ಎಂದಳು ಮಹಾಲಿಂಗಮ್ಮ.

ರಂಗನಾಥನ್ ಹಾಳೆ ತೆಗೆದುಕೊಂಡ. ಕನ್ನಡಕ ಹುಡುಕಿದ, ಹಾಕಿಕೊಂಡ. ಕಾರಿಡಾರಿನ ಕೊನೆಯವರೆಗೂ ಕೇಳುವಂತೆ ಓದಿದ. ಚರ್ಮ ತೆಗೆದ ಜಾಗದ ಒಳಬಟ್ಟೆಯನ್ನು ತಾನಾಗಿ ಕಳಚುವ ತನಕ ಯಾರೂ ಬಿಚ್ಚಬಾರದು, ಹೊರಗಿನ ಹತ್ತಿ ಮಾತ್ರ ಬದಲಾಯಿಸುವುದು, ಜ್ವರ ಅಥವಾ ಕೀವು ಕಂಡರೆ ಡಾಕ್ಟರನ್ನು ಕೇಳಿಯೇ ಮುಂದಿನದು. ಓದಿ ಮುಗಿಸಿ, ಯಾರೂ ಹೇಳದೆಯೇ, ಟ್ರೇಯಿಂದ ಪ್ಲಾಸ್ಟರು ಹರಿದು ತನ್ನ ಡ್ರೆಸ್ಸಿಂಗ್ ಮೇಜಿನ ಮೇಲಿನ ಗೋಡೆಗೆ ಹಾಳೆಯ ನಾಲ್ಕೂ ಮೂಲೆ ಅಂಟಿಸಿದ. ಅಂಗೈಯಿಂದ ಒತ್ತಿ ನೋಡಿದ.

“ಗಟ್ಟಿಯಾಗಿ ಕೂತಿದೆಯಾ ಅಣ್ಣ?”

“ಕೂತಿದೆ ಅಮ್ಮಾ. ಕೀಳೋರು ಯಾರು ಬರ್ತಾರೋ ನೋಡ್ತೀನಿ.”

ಮಹಾಲಿಂಗಮ್ಮ ಗಾಲಿಮಂಚದ ಅಂಚಿನಿಂದ ಎಡಗೈ ಬಿಡಿಸಿಕೊಂಡು ಡಾಕ್ಟರತ್ತ ತಿರುಗಿದಳು.

“ಎಲ್ಲಿ, ಮಸಿ ತನ್ನಿ” ಎಂದು ಹೆಬ್ಬೆಟ್ಟು ಚಾಚಿದಳು.